ನೀಲವ್ವನ ಸುಡುನೀರು

ಹೊಸದಾಗಿ ನರ್ಸ್ ನೌಕರಿಗೆ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಾಗ ಎಷ್ಟು ಹೆರಿಗಿ ಮಾಡಿಸೀರಿ?" ಎಂದು ಕೇಳುತ್ತಾರೆ. ಲೆಕ್ಕ ಇಟ್ಟಿಲ್ಲ ತಾಯೀ ಎನ್ನುತ್ತೇನೆ. ಹೆರಿಗೆಯ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಕೂಸು ಅಳುತ್ತದೆ, ಪೇಡೆ ಹಂಚುತ್ತಾರೆ, ನರ್ಸಿಗೊಂದು ಖಣ ಸಿಗುತ್ತದೆ. ನನಗೆ ಹೇಳಬೇಕಾಗಿರುವುದು ಹೆರಿಗೆಯೆಲ್ಲ ಮುಗಿದ ಮೇಲಿನ ಹೆಂಗಸರ ಮಾತು. ಬಸುರಿ, ಬಾಣಂತಿ, ಆಪರೇಶನ್ ಆದಾಕೆ, ಇಷ್ಟೇ ನಮ್ಮ ಇಲಾಖೆಗೆ ಗೊತ್ತಿದ್ದ ಹೆಂಗಸರು. ನಲವತ್ತು ದಾಟಿದ ಮೇಲೆ ಅವರು ಎಲ್ಲಿಗೆ ಹೋಗುತ್ತಿದ್ದರೋ ಏನೋ, ನಮ್ಮ ಚೀಲದಲ್ಲಿ ಅವರಿಗಾಗಿ ಒಂದು ಗುಳಿಗೆಯೂ ಇರುತ್ತಿರಲಿಲ್ಲ.

ನನ್ನ ಮೊದಲ ಜಾಗ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿ. ಎಪ್ಪತ್ತರ ದಶಕದ ಮಾತು. ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಸಿಕೊಳ್ಳಬೇಕಿತ್ತು. ಒಂದು ದಿನ ನಾನೂ ನನ್ನ ಗೆಳತಿಯೂ ಹರಟೆಗೆ ಕೂತೆವು, ನೀರು ಬತ್ತಿ ಸಿರಿಂಜು ಟಪ್ ಎಂದು ಒಡೆಯಿತು. ನಮ್ಮ ಮೇಲಿನವರು ರೋಜಾಬಾಯಿ ಎಂಬ ಹಿರಿಯ ಸಿಸ್ಟರ್. ಗದರಿಸುತ್ತಾರೆಂದು ನಡುಗಿದೆವು. ಅವರು ಒಡೆದ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಡಾಕ್ಟರ್ ಸಾಹೇಬರ ಮುಂದೆ ಹೋಗಿ, "ಬೆಕ್ಕು ಕೆಡವಿತ್ರಿ" ಎಂದರು. ಆಸ್ಪತ್ರೆಯಲ್ಲಿ ಬೆಕ್ಕೇ ಇರಲಿಲ್ಲ. ಸಾಹೇಬರು ಅದನ್ನು ಓಡಿಸಲು ಸಿಪಾಯಿಗೆ ಹೇಳಿದರು, ಪಾಪ ಅವನು ವಾರವೆಲ್ಲ ಹುಡುಕಿದ.

ಆ ರೋಜಾಬಾಯಿಗೆ ಆಗ ಮುಟ್ಟು ನಿಲ್ಲುವ ವಯಸ್ಸು. ಮೀಟಿಂಗಿನ ನಡುವೆ ಒಮ್ಮೆಲೇ ಮುಖ ಕೆಂಪೇರುತ್ತಿತ್ತು, ರಜಿಸ್ಟರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಮ್ಮೆ ಎಲ್ಲರೆದುರೇ ತಂಬಿಗೆ ನೀರನ್ನು ಕುತ್ತಿಗೆಗೆ ಸುರುವಿಕೊಂಡರು. ನಾವು ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆವು. "ನಗ್ರಿ, ನಗ್ರಿ, ನಿಮಗೂ ಬರ್ತೈತಿ," ಎಂದರು. ಬಂತು. ಆಗ ಅವರನ್ನು ಬಹಳ ನೆನೆಸಿಕೊಂಡೆ.

ಅಲ್ಲಿಂದ ಸವಣೂರಿಗೆ ವರ್ಗವಾಯಿತು. ವೀಳ್ಯದೆಲೆ ವ್ಯಾಪಾರಿಯ ಹೆಂಡತಿ ಹಜರತಬಿಯ ಮನೆಯಿಂದ ಒಂದು ದಿನ ಕರೆ ಬಂತು. ತಿಂಗಳು ತಪ್ಪಿದೆ, ತಲೆ ಸುತ್ತುತ್ತದೆ, ಊಟ ಸೇರುವುದಿಲ್ಲ. ಸೊಸೆಯಂದಿರು ಸೆರಗಿನ ಮರೆಯಲ್ಲಿ ಮುಸಿಮುಸಿ ನಗುತ್ತಿದ್ದರು, ಗಂಡ ಹೊರಗೆ ಮುಖ ಮುಚ್ಚಿಕೊಂಡು ಕೂತಿದ್ದ. ನಾನೂ ಜಾಣೆಯಂತೆ ಬಸುರಿಯರ ಚೀಟಿ ತೆಗೆದು ಹೆಸರು ಬರೆಯತೊಡಗಿದೆ. ಹಜರತಬಿ ನನ್ನ ಕೈ ಹಿಡಿದರು.

"ನರ್ಸಬಾಯಿ, ಯಾಕ ಕಾಗದ ಹಾಳ ಮಾಡ್ತೀರಿ? ಇದು ಬಸರಲ್ರಿ, ಉಮರು. ವಯಸ್ಸಾತು."

ಮನೆಯೆಲ್ಲ ನಕ್ಕಿತು, ಹೊರಗಿದ್ದ ಗಂಡನಿಗೆ ಜೀವ ಬಂತು. ಚಹಾ ಕೊಟ್ಟು ಕಳಿಸಿದರು. ಹಾದಿಯಲ್ಲಿ ಬರುವಾಗ ಮಾತ್ರ ನನಗೆ ಕಸಿವಿಸಿ. ಆಕೆಗೆ ತಲೆ ಸುತ್ತುತ್ತಿದ್ದದ್ದಂತೂ ನಿಜ. ಬಸುರಲ್ಲ ಎಂದು ಗೊತ್ತಾದ ಕೂಡಲೇ ಅದರ ಬಗ್ಗೆ ಯಾರೂ, ನಾನೂ ಸಹ, ಮತ್ತೆ ಕೇಳಿರಲಿಲ್ಲ.

ಮುಂದೆ ಶಿಗ್ಗಾವಿಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿಂದ ಎಂಬತ್ತರ ದಶಕದ ನಡುವೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಗೆ ಬಂದೆ. ಇಷ್ಟೆಲ್ಲ ಬರೆಯಲು ಕೂತದ್ದೇ ಅಲ್ಲಿ ಕಂಡ ಒಬ್ಬ ಹೆಂಗಸಿಗಾಗಿ.

ಫಕ್ಕೀರಪ್ಪನವರ ಹಿಟ್ಟಿನ ಗಿರಣಿಯ ಕಟ್ಟೆಯೇ ನಮ್ಮ ಲಸಿಕೆಯ ಜಾಗ. ಓಣಿಯ ತಾಯಂದಿರು ಬೀಸಿಸಲು ಹೇಗೂ ಬರುತ್ತಿದ್ದರು, ಕೂಸುಗಳನ್ನೂ ತರುತ್ತಿದ್ದರು. ಗಿರಣಿಗೆ ಹೊಂದಿಕೊಂಡೇ ಮನೆ. ಒಳಗೆ ಮೂವರು: ಫಕ್ಕೀರಪ್ಪ, ಹೆಂಡತಿ ಗೌರವ್ವ, ತಾಯಿ ನೀಲವ್ವ. ಒಬ್ಬಳೇ ಮಗಳನ್ನು ರಟ್ಟೀಹಳ್ಳಿಗೆ ಕೊಟ್ಟಿದ್ದರು. ನೀಲವ್ವ ಆ ಓಣಿಗೆಲ್ಲ ಬೇಕಾದ ಮುದುಕಿ. ಬಾಣಂತಿಯರಿಗೆ ನೀರು ಹಾಕುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಹಬೆಯಾಡುವ ನೀರನ್ನು ಸೊಂಟಕ್ಕೆ ಬೀಸಿ ಹಾಕಿದರೆ ಬಾಣಂತಿಯರು ಅಯ್ಯೋ ಎನ್ನುತ್ತಲೇ ನಿದ್ದೆ ಹೋಗುತ್ತಿದ್ದರು.

ಒಂದು ಲಸಿಕೆಯ ದಿನ ಒಳಗಿನಿಂದ ಏನೋ ಬಿದ್ದ ಸದ್ದು. ಓಡಿ ಹೋದೆ. ಗೌರವ್ವ ಒಲೆಯ ಪಕ್ಕ ಕುಸಿದಿದ್ದಳು, ಮುಂಗೈ ರೊಟ್ಟಿ ಹಂಚಿಗೆ ತಾಗಿ ಚರ್ಮ ಎದ್ದಿತ್ತು. ಎಳೆದುಕೊಂಡು ಪಡಸಾಲೆಗೆ ತಂದು, ಗಾಯಕ್ಕೆ ತಣ್ಣೀರು ಸುರಿದು, ಬಟ್ಟೆ ಕಟ್ಟಿದೆ.

"ಏನಾತವ್ವಾ?"

"ಏನಿಲ್ರಿ ಬಾಯಿ. ಒಮ್ಮಿಂದೊಮ್ಮೆ ಒಳಗಿಂದ ಮೈ ಧಗಾ ಅಂತು. ಹಂಚು ಎರಡೆರಡು ಕಾಣಾಕತ್ತು. ಎದ್ದು ಹೊರಗ ಹೋಗೂಣಂದ್ರ ಕಾಲು ನನ್ನ ಮಾತು ಕೇಳಲಿಲ್ಲ."

ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಕಾಲೂ ಬಂತು. ಎದ್ದು ಹೋಗಿ ಉಳಿದ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಳು. ನಾನು ಬಿಡಲಿಲ್ಲ.

ಆಕೆಗೆ ನರದ ಬೇನೆ ಇತ್ತು. ಮಗಳು ಸಣ್ಣವಳಿದ್ದಾಗ ಒಂದು ಕಣ್ಣು ಮಂಜಾಗಿ, ತಾನಾಗಿಯೇ ತಿಳಿಯಾಗಿತ್ತು. ಆಮೇಲೆ ಒಂದು ಕಾಲು ಜೋಮು ಹಿಡಿದು ಎಷ್ಟೋ ದಿನ ಎಳೆದುಕೊಂಡು ನಡೆದಿದ್ದಳು. ಹುಬ್ಬಳ್ಳಿಯ ನರದ ಡಾಕ್ಟರು ಬೆನ್ನಿನಿಂದ ನೀರು ತೆಗೆದು ನೋಡಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿದ್ದರು. ಆ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಬೇನೆ ಬಂದು ಹೋಗಿ ಮಾಡುತ್ತ ಇತ್ತು, ಗೌರವ್ವ ಅದರೊಂದಿಗೆ ಹೊಂದಿಕೊಂಡು ಸಂಸಾರ ಮಾಡಿದ್ದಳು.

ಹೊಂದಿಕೊಂಡದ್ದು ಹೇಗೆಂದು ಆಕೆಯೇ ಹೇಳಿದಳು. ಮುಟ್ಟಿನ ಮುಂಚಿನ ದಿನಗಳಲ್ಲಿ ಕಾಲು ಭಾರವಾಗುತ್ತಿತ್ತು, ಕಣ್ಣು ಮಬ್ಬಾಗುತ್ತಿತ್ತು. ಮುಟ್ಟಾದ ಮೇಲೆ ಮೆಲ್ಲಗೆ ಸರಿಹೋಗುತ್ತಿತ್ತು. ಅದನ್ನು ನೋಡಿಕೊಂಡೇ ಹಪ್ಪಳ, ಶ್ಯಾವಿಗೆಯ ದಿನ ಹಾಕಿಕೊಳ್ಳುತ್ತಿದ್ದಳು, ಅದನ್ನು ನೋಡಿಕೊಂಡೇ ಮಗಳ ಊರಿಗೆ ಹೋಗುತ್ತಿದ್ದಳು.

"ಮೊದಲ ಬ್ಯಾನಿಗೂ ಒಂದು ಹೊತ್ತು ಗೊತ್ತು ಇತ್ರಿ. ಈಗ ಮುಟ್ಟು ಒಮ್ಮೆ ಎರಡ ತಿಂಗಳಿಗೆ, ಒಮ್ಮೆ ಹದಿನೈದ ದಿನಕ್ಕ. ಬ್ಯಾನಿ ಯಾವಾಗ ಬರ್ತೈತಿ ಅಂತ ತಿಳಿಯಂಗಿಲ್ಲ. ರಾತ್ರಿ ನಿದ್ದಿಲ್ಲ, ಹಾಸಗಿ ಒದ್ದಿ ಆಗೂಹಂಗ ಬೆವರು. ಬಾಯಿ, ಖರೇ ಹೇಳ್ರಿ, ನಾ ಹಾಸಗಿ ಹಿಡಿತೀನೇನು?"

ಹುಡುಗಿಯರೇ, ಇಂಥ ಪ್ರಶ್ನೆ ಬಂದಾಗ ಬಾಯಿಗೆ ಬಂದದ್ದನ್ನು ಹೇಳಬೇಡಿ. ನನಗೆ ಗೊತ್ತಿಲ್ಲವ್ವ, ಕೇಳಿಕೊಂಡು ಬರ್ತೇನಿ ಎಂದೆ. ಗೌರವ್ವನ ಭಯ ಸುಳ್ಳಾಗಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ದುಡಿಯುವ ಹೆಂಗಸಿಲ್ಲ. ಈಕೆ ಮಲಗಿದರೆ ಎಪ್ಪತ್ತು ದಾಟಿದ ನೀಲವ್ವ ಒಲೆಯ ಮುಂದೆ ಕೂರಬೇಕು.

ನಮ್ಮ ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯ ಹುಡುಗ, ಒಳ್ಳೆಯವನು, ಆದರೆ ಅವಸರದವನು. "ಆ ವಯಸ್ಸಲ್ಲಿ ಎಲ್ಲ ಹೆಂಗಸರಿಗೂ ಅದೇ ಸಿಸ್ಟರ್. ಬಿ ಕಾಂಪ್ಲೆಕ್ಸ್ ಕೊಡಿ," ಎಂದರು. ಕೊಟ್ಟೆ. ಗೌರವ್ವ ನುಂಗಿದಳು. ಆ ಗುಳಿಗೆಯಿಂದ ಯಾರಿಗೂ ನಷ್ಟವಾಗಲಿಲ್ಲ, ಲಾಭವೂ ಆಗಲಿಲ್ಲ.

ಆ ಮನೆಯಲ್ಲಿ ನಿಜವಾದ ವೈದ್ಯ ನಡೆಯುತ್ತಿದ್ದದ್ದು ಬಚ್ಚಲಲ್ಲಿ. ಸೊಸೆಯ ಮೈಯಲ್ಲಿ ವಾಯಿ, ಅಂದರೆ ವಾಯು, ಸೇರಿದೆ, ಅದನ್ನು ಬಾಣಂತಿಗೆ ಹಾಕಿದಂತೆ ನೀರು ಹಾಕಿಯೇ ಹೊರಗೆ ತೆಗೆಯಬೇಕು ಎಂದು ನೀಲವ್ವ ಎಷ್ಟೋ ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದಳು. ಪ್ರತಿ ಶನಿವಾರ ಬೆಳಗ್ಗೆ ಹಂಡೆಗೆ ಲಕ್ಕಿ ಸೊಪ್ಪು ಹಾಕಿ ಕಾಯಿಸಿ, ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಸುಡುಸುಡುವ ನೀರನ್ನು ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಹಾಕುತ್ತಿದ್ದಳು. ಮೇಲೆ ಕಂಬಳಿ, ಹೊರಸಿನ ಕೆಳಗೆ ಕೆಂಡದ ಸಿಗಡಿ. ಒಂದು ಶನಿವಾರ ನಾನೇ ಕಂಡೆ. ಬಚ್ಚಲಿಗೆ ನಡೆದು ಹೋದ ಗೌರವ್ವನನ್ನು ಫಕ್ಕೀರಪ್ಪ ಹೊತ್ತುಕೊಂಡು ಬಂದರು. ಕಣ್ಣು ತೆರೆದಿದ್ದರೂ ನಾನು ಎದುರಿಗಿರುವುದು ಆಕೆಗೆ ಕಾಣಲಿಲ್ಲ. ನಾಲಿಗೆ ತೊದಲುತ್ತಿತ್ತು.

ನಾನು ಗಾಬರಿಯಾದೆ. ನೀಲವ್ವನ ಮುಖದಲ್ಲಿ ಮಾತ್ರ ಸಮಾಧಾನ.

"ಹೆದರಬ್ಯಾಡ್ರಿ ಬಾಯಿ. ವಾಯಿ ಹೊರಗ ಬೀಳಾಕತ್ತೈತಿ. ನೋಡ್ತಿರ್ರಿ, ಊಟದ ಹೊತ್ತಿಗೆ ಎದ್ದು ತಿರಗ್ಯಾಡ್ತಾಳ."

ಹೇಳಿದಂತೆಯೇ ಆಯಿತು. ಕೆಂಡ ಆರಿತು, ಕಂಬಳಿ ತೆಗೆದರು, ಮೈ ತಣ್ಣಗಾಗುತ್ತ ಬಂದಂತೆ ಕಣ್ಣು ಬಂತು, ಕಾಲು ಬಂತು. ನೀಲವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಕೆಡಿಸಿದ್ದು ಬಿಸಿನೀರು, ಸರಿಪಡಿಸಿದ್ದು ತಂಪು, ಆದರೆ ಹೆಸರು ಬಂದದ್ದು ಬಿಸಿನೀರಿಗೇ. ಇದು ಆ ದಿನ ನನಗೂ ಹೊಳೆಯಲಿಲ್ಲ. ಮುದುಕಿಯ ಕೈಗುಣ ದೊಡ್ಡದು ಎಂದುಕೊಂಡೇ ಮನೆಗೆ ಬಂದೆ.

ಆ ಹೊತ್ತಿಗೆ ಫಕ್ಕೀರಪ್ಪನವರ ಕಿವಿಗೆ ಯಾರೋ ಗರ್ಭಚೀಲದ ಮಾತು ಹಾಕಿದ್ದರು. ಅದನ್ನು ತೆಗೆಸಿಬಿಟ್ಟರೆ ಮುಟ್ಟಿನ ಗೊಂದಲವೂ ಇಲ್ಲ, ಬೇನೆಯೂ ಇಲ್ಲ ಎಂದು. ಆಪರೇಶನ್ನಿಗೆ ಹುಬ್ಬಳ್ಳಿಗೆ ಹೊರಡಲು ತಯಾರಾಗಿದ್ದರು. "ಹೆಂಗೂ ಹುಬ್ಬಳ್ಳಿಗೆ ಹೊಂಟೀರಿ, ಮೊದಲ ನರದ ಡಾಕ್ಟರಿಗೆ ತೋರಿಸೂಣ್ರಿ," ಎಂದೆ. ಗೌರವ್ವ ನನ್ನನ್ನೂ ಬರಲು ಬೇಡಿಕೊಂಡಳು. ರಜೆ ಹಾಕಿ ಹೋದೆ.

ನರದ ಡಾಕ್ಟರು ವಯಸ್ಸಾದವರು, ತಾಳ್ಮೆಯ ಮನುಷ್ಯ. ತೊಂದರೆ ಏನು ಎನ್ನುವುದಕ್ಕಿಂತ ಯಾವಾಗ ಹೆಚ್ಚಾಗುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದೇ ಕೇಳಿದರು. ಒಲೆಯ ಮುಂದೆ, ಬಿಸಿಲಲ್ಲಿ, ಮೈ ಧಗ ಎಂದಾಗ, ಬಚ್ಚಲಲ್ಲಿ ಎಂದು ಗೌರವ್ವ ಒಂದೊಂದಾಗಿ ಹೇಳುತ್ತ ಹೋದಳು. ಬಚ್ಚಲ ಮಾತು ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಎಂಥಾ ನೀರವ್ವ?"

"ಸುಡುನೀರ್ರಿ. ನಮ್ಮತ್ತಿ ಹಾಕ್ತಾರ."

"ಅಲ್ಲವ್ವ, ಈ ರೋಗ ಹೌದೋ ಅಲ್ಲೋ ಅಂತ ನೋಡಾಕ ಪರದೇಶದ ಡಾಕ್ಟರು ರೋಗಿನ್ನ ಬಿಸಿನೀರಿನ್ಯಾಗ ಕುಂದರಸ್ತಿದ್ರು. ಕಣ್ಣು ಮಂಜಾದ್ರ ಹೌದು ಅಂತಿದ್ರು. ನಿಮ್ಮತ್ತಿ ಆ ಪರೀಕ್ಷಾ ವಾರಾ ವಾರಾ ಮಾಡಾಕತ್ತಾರಲ್ಲ!"

ಆಮೇಲೆ ಬಿಡಿಸಿ ಹೇಳಿದರು. ಈ ರೋಗದಲ್ಲಿ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿರುತ್ತದೆ. ಮೈ ಕಾದರೆ ಆ ಜಾಗದಲ್ಲಿ ನರ ಒಯ್ಯುವ ಸುದ್ದಿ ಮುಂದೆ ಹೋಗುವುದಿಲ್ಲ. ತಣ್ಣಗಾದರೆ ಮತ್ತೆ ಹೋಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೊಳಗಿನ ಹಾರ್ಮೋನು ಏರುಪೇರಾಗಿ ಝಳ ಏಳುತ್ತದೆ, ನಿದ್ದೆ ಕೆಡುತ್ತದೆ, ದಣಿವು ಹೆಚ್ಚುತ್ತದೆ. ಹಳೆಯ ಬೇನೆ ಬೆಳೆಯದಿದ್ದರೂ ಬೆಳೆದಂತೆ ಕಾಣುತ್ತದೆ. ಫಕ್ಕೀರಪ್ಪ ತಲೆಯಾಡಿಸಿದರು.

"ಅಂದ್ರ ಗಿರಣಿ ಮೋಟರ್ ಕಾದ್ರ ನಿಂತಂಗೇನ್ರಿ? ಸುಟ್ಟಿರಂಗಿಲ್ಲ, ಆರಿದ್ರ ಮತ್ತ ಓಡತೈತಿ."

"ಹಂಗ ತಿಳಕೊಳ್ರಿ. ಆದ್ರ ಕಾದಾಗ ಬಿದ್ದು ಕೈಕಾಲು ಮುರಕೊಂಡ್ರ, ಒಲಿಗೆ ಬಿದ್ರ, ಅದು ಖರೇನ ಅಪಾಯ."

ಗರ್ಭಚೀಲದ ಮಾತಿಗೆ ಕೈ ಅಡ್ಡ ಆಡಿಸಿದರು. ಅದರಿಂದ ನರದ ಬೇನೆ ಹೋಗುವುದಿಲ್ಲ, ಅಂಡಾಶಯವನ್ನೂ ಜೊತೆಗೆ ತೆಗೆದರೆ ಝಳ ಒಮ್ಮೆಲೇ ಜೋರಾಗುತ್ತದೆ ಎಂದರು. ಹಾರ್ಮೋನಿನ ಏರುಪೇರು ರೋಗವನ್ನೇ ಬೆಳೆಸುತ್ತದೋ ಏನು ಎಂದು ನಾನು ಕೇಳಿದೆ. "ನನಗ ಗೊತ್ತಿಲ್ಲ ಸಿಸ್ಟರ್. ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ," ಎಂದರು. ದೊಡ್ಡ ಡಾಕ್ಟರೊಬ್ಬರು ಹಾಗೆ ನೇರವಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಈಗ ಇದರ ಸಂಶೋಧನೆ ಮಾಡುವವರು ಇದ್ದಾರೆ, ಆದರೂ ಎಲ್ಲದಕ್ಕೂ ಉತ್ತರ ಸಿಕ್ಕಿದೆಯೆಂದು ತಿಳಿಯಬೇಡಿ.

ಗೌರವ್ವ ಮಾತ್ರ ಒಂದೇ ಕೇಳಿದಳು: "ಹಾಸಗಿ ಹಿಡಿಯಂಗಿಲ್ಲಲ್ರಿ?"

"ಈಗ ಆಗಾಕತ್ತದ್ದು ಆ ಲಕ್ಷಣ ಅಲ್ಲವ್ವ. ಮೈ ತಂಪ ಇಟಗೋ. ಸುಡುನೀರು ಮೊದಲ ಬಿಡು."

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಆಕೆ ಅತ್ತುಬಿಟ್ಟಳು, ನಗುತ್ತ ಅತ್ತಳು. ಆದರೆ ಬಸ್ಸು ಹಾವೇರಿ ದಾಟುವ ಹೊತ್ತಿಗೆ ಮುಖ ಸಣ್ಣದಾಗಿತ್ತು. ನನ್ನ ಕೈ ಹಿಡಿದುಕೊಂಡಳು.

"ಬಾಯಿ, ನೀರಿನ ಮಾತು ನಮ್ಮತ್ತಿಗೆ ಹೇಳಬ್ಯಾಡ್ರಿ."

"ಯಾಕ? ಹೇಳದ ಹೆಂಗ ನಿಲ್ಲತೈತಿ?"

"ನಿಲ್ಲೂದ ಬ್ಯಾಡ. ತಡಕೋತೇನಿ. ನನ್ನ ಕಾಲು ಮೊದಲ ಸಲ ಹೋದಾಗ ಬಳಗದಾವ್ರೆಲ್ಲಾ ಸೇರಿ ಇವರಿಗೆ ಇನ್ನೊಂದ ಲಗ್ನ ಮಾಡಾಕ ನಿಂತಿದ್ರು. ನಮ್ಮತ್ತಿ ಬಾಗಲದಾಗ ಅಡ್ಡ ಕುಂತ್ಲು. ಗೌರಿಗೆ ನಡ್ಯಾಕ ಬರದಿದ್ರ ನಾ ಎತಗೊಂಡ ತಿರಗತೇನಿ, ಇನ್ನೊಬ್ಬಾಕಿ ಈ ಹೊಸ್ತಲಾ ದಾಟಂಗಿಲ್ಲ ಅಂದ್ಲು. ಇಷ್ಟ ವರ್ಷ ಆ ಕೈಲೆ ನೀರ ಹಾಕ್ಯಾಳ. ಇದರಿಂದನ ಕೆಟ್ಟಿತು ಅಂತ ಯಾವ ಬಾಯಿಲೆ ಹೇಳಲ್ರಿ? ಆಕಿ ಜೀವಾನ ಬಿಡ್ತಾಳ."

ಮುಂದಿನ ಸೀಟಿನಲ್ಲಿದ್ದ ಫಕ್ಕೀರಪ್ಪ ಹಿಂದೆ ತಿರುಗಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಂಡದ್ದು ಮಾತ್ರ ಕಂಡಿತು.

ಊರಿಗೆ ಬಂದು ನಮ್ಮ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. "ಅತ್ತೆಗೆ ನೇರವಾಗಿ ಹೇಳಿಬಿಡಿ ಸಿಸ್ಟರ್, ಬಿಸಿನೀರು ಬೇಡ ಅಂತ. ಅದರಲ್ಲೇನಿದೆ?" ಎಂದರು. ಅವರ ಮಾತು ತಪ್ಪಲ್ಲ. ಆದರೆ ಆ ಮನೆಯ ಮೆಟ್ಟಿಲು ಹತ್ತಿ ಆ ಮುದುಕಿಯ ಮುಖ ನೋಡಿ ಹೇಳಬೇಕಾದವಳು ನಾನು. ಒಂದು ಶನಿವಾರ ಹೋಯಿತು, ಇನ್ನೊಂದು ಹೋಯಿತು. ಎರಡನೆಯ ಸಲ ಗೌರವ್ವ ಬಚ್ಚಲ ಕಲ್ಲಿಗೆ ಹಣೆ ಬಡಿಸಿಕೊಂಡಳು. ಹಣೆಯ ಬಾವು ಕಂಡ ಮೇಲೆ ಇನ್ನು ತಡಮಾಡಬಾರದು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಹೋದೆ. ಗೌರವ್ವ ಒಳಗೆ ಮಲಗಿದ್ದಳು. ನೀಲವ್ವ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನೂ ಕೂತು ತೊಟ್ಟು ಬಿಡಿಸತೊಡಗಿದೆ. ಸೊಸೆಯ ಮಾತನ್ನೇ ಎತ್ತಲಿಲ್ಲ.

"ಯವ್ವಾ, ನಿಮಗ ಮುಟ್ಟು ನಿಲ್ಲೂ ಮುಂದ ಹೆಂಗಾಗಿತ್ರಿ?" ಎಂದೆ.

ಮುದುಕಿ ನನ್ನನ್ನು ಕೆಕ್ಕರಿಸಿ ನೋಡಿ, ಆಮೇಲೆ ನಕ್ಕಳು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ.

"ಅದನ್ನೇನ ಕೇಳ್ತೀ ಬಾಯಿ! ಮೈಯಾಗ ಬೆಂಕಿ ಇಟ್ಟಂಗ ಆಗೂದು. ರೊಟ್ಟಿ ಬಡಿಯೂದು ಬಿಟ್ಟು ಹಿತ್ತಲಕ್ಕ ಓಡಿ ಕೊಡಾನ ತಲಿ ಮ್ಯಾಲೆ ಸುರುವಿಕೋತಿದ್ದೆ, ಸೀರಿ ಸಮೇತ. ನಮ್ಮತ್ತಿ, ಸೊಸಿಗೆ ಹುಚ್ಚ ಹಿಡದೈತಿ ಅಂತ ಊರೆಲ್ಲಾ ಹೇಳಿದ್ಲು."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಕೇಳಿದೆ. "ಆ ಹೊತ್ತಿನ್ಯಾಗ ನಿಮ್ಮನ್ನ ಹಿಡಕೊಂಡು ಯಾರರ ಸುಡುನೀರು ಹಾಕಿದ್ರ?"

"ಹಾಕಿದ್ರ ಅಲ್ಲೇ ಪ್ರಾಣ ಹೋ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಒಳಗೆ ಮಲಗಿದ್ದ ಸೊಸೆಯ ಕಡೆ ನೋಡಿದಳು, ಬಚ್ಚಲ ಕಡೆ ನೋಡಿದಳು. ನಾನು ತೊಟ್ಟು ಬಿಡಿಸುತ್ತಲೇ ಇದ್ದೆ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, "ಹೊತ್ತಾತು, ನೀ ಹೋಗ ಬಾಯಿ," ಎಂದಳು. ಖಾರದ ಕೈ ಕಣ್ಣಿಗೆ ಹೋಗದಂತೆ ತೋಳಿನಿಂದ ಮುಖ ಒರೆಸಿಕೊಂಡಳು.

ಆ ವಾರವೆಲ್ಲ ನನ್ನ ಜೀವ ಜೀವದಲ್ಲಿರಲಿಲ್ಲ. ಹೇಳಬಾರದ್ದನ್ನು ಹೇಳಿ ಒಂದು ಮನೆಯ ಪ್ರೀತಿ ಕೆಡಿಸಿದೆನೋ ಎನ್ನಿಸುತ್ತಿತ್ತು. ಶನಿವಾರ ಬೆಳಗ್ಗೆ ಕೆಲಸವಿಲ್ಲದಿದ್ದರೂ ಆ ಓಣಿಗೆ ಹೋದೆ.

ಹಂಡೆಯ ಕೆಳಗೆ ಬೆಂಕಿ ಇರಲಿಲ್ಲ. ಬಚ್ಚಲ ಬಾಗಿಲಿಗೆ ಸೀರೆ ಇಳಿಬಿಟ್ಟಿತ್ತು, ಒಳಗೆ ಗೌರವ್ವ ಮಣೆಯ ಮೇಲೆ ಕೂತು ಮೈ ತಿಕ್ಕಿಕೊಳ್ಳುವ ಸದ್ದು. ಹೊರಗೆ ನೀಲವ್ವ ಕೊಡದ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಳು, ಕೂಸಿನ ನೀರು ನೋಡುವಂತೆ. ಬೆಚ್ಚಗೂ ಅಲ್ಲ, ಕೊರೆಯುವಂಥದ್ದೂ ಅಲ್ಲ, ನೆರಳಲ್ಲಿಟ್ಟ ನೀರು. ನನ್ನನ್ನು ಕಂಡು ತಂಬಿಗೆ ಕೆಳಗಿಟ್ಟಳು. ಆ ಒಂದು ವಾರದಲ್ಲಿ ಆಕೆ ಕುಗ್ಗಿಹೋಗಿದ್ದಳು.

"ಬಾಯಿ," ಎಂದಳು. ದನಿ ತಗ್ಗಿಸಬೇಕೆಂಬುದೂ ಆಕೆಗೆ ನೆನಪಿರಲಿಲ್ಲ. "ಇಷ್ಟ ವರ್ಷ ನಾ ನನ್ನ ಸೊಸಿ ಮೈಮ್ಯಾಲೆ ಬೆಂಕಿ ಹಾಕಿದ್ನೇನು?"

ಇಲ್ಲ ಎಂದರೆ ಸುಳ್ಳು, ಹೌದು ಎನ್ನಲು ನಾಲಿಗೆ ಬಾರದು. ಅಷ್ಟರಲ್ಲಿ ಒಳಗಿನಿಂದ ಗೌರವ್ವನ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತೀ, ಅಲ್ಲೇನ ಮಾತ ಹಚ್ಚೀರಿ? ನನ್ನ ಬೆನ್ನ ಹಂಗ ಉಳದೈತಿ. ನಿಮ್ಮ ಕೈ ಹತ್ತದ ಜಳಕ ಮಾಡಿದಂಗ ಆಗಂಗಿಲ್ಲ ನನಗ. ಬರ್ರಿ, ಹಾಕ್ರಿ."

ನೀಲವ್ವ ಕೊಡ, ತಂಬಿಗೆ ಎತ್ತಿಕೊಂಡು ಸೀರೆ ಸರಿಸಿ ಒಳಗೆ ಹೋದಳು. ನೀರು ಸುರಿದ ಸದ್ದು ಕೇಳಿಸಿತು, ಅದರ ನಡುವೆ ಮುದುಕಿ ಬಿಕ್ಕುವುದೂ ಕೇಳಿಸಿತು, "ಅಳಬ್ಯಾಡ್ರಿ ಅತ್ತೀ, ಇನ್ನೊಂದ ತಂಬಿಗಿ" ಎಂದದ್ದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಗೌರವ್ವ ಒದ್ದೆ ಕೂದಲಲ್ಲಿ, ತನ್ನ ಕಾಲ ಮೇಲೆ ನಡೆದು ಬಂದಳು. ಅವಳ ಕೈ ಅತ್ತೆಯ ಹೆಗಲ ಸುತ್ತ ಇತ್ತು. ಆ ಬೆಳಗ್ಗೆ ಹಿಡಿದುಕೊಳ್ಳುವವರು ಬೇಕಾಗಿದ್ದದ್ದು ಅತ್ತೆಗೆ.